ಅಪ್ಪನ ಎಲ್‌ಟಿಸಿ, ಅಮ್ಮನ ರಾಮೇಶ್ವರ

ಈ ಅಂಕಣದಲ್ಲಿ ನಾನು ಹೆಚ್ಚಾಗಿ ಕಾಯುವುದರ ಲಾಭವನ್ನೇ ಹೇಳುತ್ತ ಬಂದಿದ್ದೇನೆ. ಬೇಗ ಶುರು ಮಾಡಿ, ಮಧ್ಯೆ ಮುಟ್ಟಬೇಡಿ, ಚಕ್ರಬಡ್ಡಿ ಬೆಳೆಯಲು ಬಿಡಿ ಎನ್ನುವುದು ನನ್ನ ಹಳೆಯ ಪಾಠ. ಪಿಪಿಎಫ್ ಇರಲಿ, ಮ್ಯೂಚುವಲ್ ಫಂಡ್ ಇರಲಿ, ತಾಳಿದವನು ಬಾಳಿಯಾನು. ಆದರೆ ಒಂದು ಖರ್ಚಿಗೆ ಈ ಪಾಠ ಹೊಂದುವುದಿಲ್ಲ. ಅದು ಹೆತ್ತವರನ್ನು ಕರೆದುಕೊಂಡು ಹೋಗುವ ಪ್ರಯಾಣದ ಖರ್ಚು. ಅಲ್ಲಿ ಎಷ್ಟು ದುಡ್ಡು ಎನ್ನುವುದಕ್ಕಿಂತ ಯಾವಾಗ ಎನ್ನುವುದು ಮುಖ್ಯ. ಇದನ್ನು ನನಗೆ ಕಲಿಸಿದ್ದು ನಮ್ಮ ಮನೆಯ ಎರಡು ಯಾತ್ರೆಗಳು. ಅವನ್ನು ನೆನೆದಾಗಲೆಲ್ಲ ಮನಸ್ಸು ತುಂಬಿ ಬರುತ್ತದೆ, ಹಾಗಾಗಿ ಈ ಸಲ ಷೇರುಪೇಟೆಗೆ ಬಿಡುವು.

ಅಪ್ಪ ಹಾಸನ ಜಿಲ್ಲೆಯ ಒಂದು ಸಣ್ಣ ಅಂಚೆ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದರು. ಕೇಂದ್ರ ಸರ್ಕಾರದ ನೌಕರರಿಗೆ ಎಲ್‌ಟಿಸಿ ಎಂಬ ಸವಲತ್ತಿದೆ: ಎರಡು ವರ್ಷಕ್ಕೊಮ್ಮೆ ಸ್ವಂತ ಊರಿಗೆ, ನಾಲ್ಕು ವರ್ಷಕ್ಕೊಮ್ಮೆ ದೇಶದ ಯಾವ ಮೂಲೆಗಾದರೂ ಹೋಗಿ ಬರುವ ಟಿಕೆಟ್ ದುಡ್ಡನ್ನು ಸರ್ಕಾರ ಕೊಡುತ್ತದೆ. ನಮ್ಮ ಸ್ವಂತ ಊರು ಒಂದು ಗಂಟೆಯ ಬಸ್ಸಿನ ದಾರಿ. ಹಾಗಾಗಿ ನಮ್ಮ ಮನೆಯಲ್ಲಿ ಎಲ್‌ಟಿಸಿ ಎಂದರೆ ಆ ನಾಲ್ಕು ವರ್ಷದ್ದೇ. ನೌಕರರನ್ನೇ ಅವಲಂಬಿಸಿದ ತಂದೆ ತಾಯಿಯೂ ಅದರಲ್ಲಿ ಸೇರುತ್ತಾರೆ. ಆದ್ದರಿಂದಲೇ 1980ರ ದಶಕದಲ್ಲಿ ನನ್ನ ಅಜ್ಜಿಗೆ ಕಾಶಿ ಕಾಣುವ ಭಾಗ್ಯ ಬಂತು. ಅಂಚೆ ನೌಕರನ ಆಗಿನ ಸಂಬಳವೊಂದನ್ನೇ ನಂಬಿ ಐದು ಜನ ಅಷ್ಟು ದೂರ ಹೋಗುವ ಮಾತೇ ಇರಲಿಲ್ಲ.

ಎಲ್‌ಟಿಸಿಯಲ್ಲಿ ಬರುವುದು ಟಿಕೆಟ್ ದುಡ್ಡು ಮಾತ್ರ. ಊಟ, ವಸತಿ, ದೋಣಿ, ದಕ್ಷಿಣೆ ಎಲ್ಲ ನಮ್ಮದೇ. ಅದಕ್ಕೆಂದು ಅಪ್ಪ ತಮ್ಮದೇ ಅಂಚೆ ಕಚೇರಿಯಲ್ಲಿ ಒಂದು ಆರ್‌ಡಿ ಕಟ್ಟುತ್ತಿದ್ದರು. ಅದಕ್ಕೆ ಮನೆಯಲ್ಲಿ ಕಾಶಿ ದುಡ್ಡು ಎಂದೇ ಹೆಸರು. ನನಗೆ ಜ್ವರ ಬಂದು ಆಸ್ಪತ್ರೆಗೆ ಸೇರಿಸಿದ ತಿಂಗಳಲ್ಲೂ ಅಪ್ಪ ಸಹೋದ್ಯೋಗಿಯೊಬ್ಬರಿಂದ ಕೈಗಡ ಪಡೆದರೇ ಹೊರತು ಆ ದುಡ್ಡನ್ನು ಮುಟ್ಟಲಿಲ್ಲ. ಅಷ್ಟು ಬಿಗಿ ಎಲ್ಲರಿಗೂ ಒಪ್ಪಿಗೆಯಾಗದು, ನನಗೂ ಪೂರ್ತಿ ಒಪ್ಪಿಗೆಯಿಲ್ಲ. ಆದರೆ ಒಂದು ದುಡ್ಡಿಗೆ ಹೆಸರಿಟ್ಟರೆ ಅದು ಉಳಿಯುತ್ತದೆ ಎಂಬುದನ್ನು ನಾನು ಕಂಡದ್ದು ಅಲ್ಲೇ.

ಬೆಂಗಳೂರಿನಿಂದ ಮದ್ರಾಸು, ಅಲ್ಲಿಂದ ಗಂಗಾ ಕಾವೇರಿ ಎಕ್ಸ್‌ಪ್ರೆಸ್. ನೆರೆಮನೆಯವರಿಂದ ಕೇಳಿ ತಂದ ಹೋಲ್ಡಾಲ್, ನೀರಿನ ಕೂಜ, ಅಮ್ಮ ಮಾಡಿದ ಚಪಾತಿ, ಹುರಿಗಾಳು, ಚಟ್ನಿಪುಡಿ, ಹುಳಿ ಅವಲಕ್ಕಿ. ಎರಡನೇ ದಿನ ಹೊತ್ತು ಮುಳುಗುವಾಗ ಅಜ್ಜಿ ಮೇಲಿನ ಬರ್ತಿಗೆ ಹತ್ತಲಾರದೆ ಸುಮ್ಮನೆ ಕುಳಿತಿದ್ದರು. ನಾಗಪುರದ ಕಡೆಯ ಒಂದು ಕುಟುಂಬದವರು ಯಾರೂ ಕೇಳದೆಯೇ ಎದ್ದು ತಮ್ಮ ಕೆಳಗಿನ ಬರ್ತು ಬಿಟ್ಟುಕೊಟ್ಟರು. ಅವರ ಭಾಷೆ ನಮಗೆ ಬಾರದು, ನಮ್ಮದು ಅವರಿಗೆ ಬಾರದು. ಅಮ್ಮ ಅವಲಕ್ಕಿಯ ಡಬ್ಬಿಯನ್ನು ಅವರ ಮುಂದಿಟ್ಟರು. ಅವರ ಹೆಸರನ್ನೂ ನಾವು ಕೇಳಲಿಲ್ಲ. ಎಲ್ಲಿದ್ದರೂ ಅವರ ಮನೆ ತಣ್ಣಗಿರಲಿ.

ಕಾಶಿಯಲ್ಲಿ ನಾವು ಇಳಿದುಕೊಂಡದ್ದು ಜಂಗಮವಾಡಿ ಮಠದಲ್ಲಿ. ಗಲ್ಲಿಗಳ ನಡುವಿನ ಆ ಮಠದ ಅಂಗಳಕ್ಕೆ ಕಾಲಿಟ್ಟೊಡನೆ ಕನ್ನಡ ಕೇಳಿಸಿತು, ಅಜ್ಜಿಯ ಮುಖ ಅರಳಿತು. ಕರ್ನಾಟಕದಿಂದ ಹೋದ ಎಷ್ಟೋ ಬಡ ಯಾತ್ರಿಕರಿಗೆ ಆ ಮಠ ನೆರಳು ಕೊಟ್ಟಿದೆ. ಹೋಟೆಲಿಗೆ ದುಡ್ಡು ತೆರಬೇಕಿದ್ದಿದ್ದರೆ ನಮ್ಮ ಕಾಶಿ ದುಡ್ಡು ಎರಡೇ ದಿನಕ್ಕೆ ಕರಗುತ್ತಿತ್ತು. ಬೆಳಗಿನ ಜಾವ ಗಂಗೆಯಲ್ಲಿ ಮೂರು ಮುಳುಗು ಹಾಕಿ ಎದ್ದ ಅಜ್ಜಿ, ಬಾಯಿಗೆ ಬೆಸುಗೆ ಹಾಕಿದ ತಾಮ್ರದ ಗಂಗಾ ಗಿಂಡಿಗಳನ್ನು ಕೊಳ್ಳಲು ಹೇಳಿದರು. ಬಂಧುಗಳಿಗೆ ಹಂಚಲು ಕೆಲವು, ರಾಮೇಶ್ವರಕ್ಕೆಂದು ಒಂದು. ಕಾಶಿಯ ಗಂಗೆ ರಾಮೇಶ್ವರದ ಲಿಂಗದ ಮೇಲೆ ಬಿದ್ದರೇ ಯಾತ್ರೆ ಪೂರ್ತಿ ಎನ್ನುವುದು ಅವರ ಕಾಲದವರ ನಂಬಿಕೆ.

ಮುಂದಿನ ಎಲ್‌ಟಿಸಿಗೆ ನಾಲ್ಕು ವರ್ಷ ಕಾಯಬೇಕಿತ್ತು. ಅಜ್ಜಿ ಅದಕ್ಕೆ ಮೊದಲೇ ಹೋದರು. ಆಮೇಲೆ ನಮ್ಮ ಓದು, ಅಕ್ಕನ ಮದುವೆ. ಆ ಗಿಂಡಿ ದೇವರ ಗೂಡಿನಲ್ಲಿ ಬಹುಕಾಲ ಹಾಗೆಯೇ ಕುಳಿತಿತ್ತು.

ನಾನು ಕೆಲಸಕ್ಕೆ ಸೇರಿ ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದ ಮೇಲೆ ಬ್ಯಾಂಕಿನಲ್ಲಿ ತಿಂಗಳಿಗೆ 2,000 ರೂಪಾಯಿಯ ಆರ್‌ಡಿ ತೆರೆದೆ. ಎರಡು ವರ್ಷಕ್ಕೆ ಬಡ್ಡಿ ಸೇರಿ 50 ಸಾವಿರ ದಾಟಿತು. ಮನೆ ಕೊಳ್ಳಲು ಮುಂಗಡ ಕೂಡಿಸುವ ಕಾಲ ಅದು. ಇನ್ನೂ ಎರಡು ವರ್ಷ ಬಿಡು, ದೊಡ್ಡ ಮೊತ್ತವಾಗುತ್ತದೆ ಎಂದು ಗೆಳೆಯರು ಹೇಳಿದರು. ಅಮ್ಮ ಆಗಲೇ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಿದ್ದರು. ನಾನು ದುಡ್ಡು ಬಿಡಿಸಿದೆ.

ಮದುರೆಯಿಂದ ರಾಮೇಶ್ವರಕ್ಕೆ ಹೋಗುವ ರೈಲು ಪಾಂಬನ್ ಸೇತುವೆಗೆ ಬಂದಾಗ ನಡಿಗೆಯ ವೇಗಕ್ಕೆ ಇಳಿಯಿತು. 1914ರಲ್ಲಿ ಸಂಚಾರಕ್ಕೆ ತೆರೆದ, ಎರಡು ಕಿಲೋಮೀಟರಿಗೂ ಉದ್ದದ, ಹಡಗು ಬಂದಾಗ ನಡುವೆ ಬಾಯಿ ತೆರೆಯುವ ಕಬ್ಬಿಣದ ಸೇತುವೆ. ಕಿಟಕಿಯಿಂದ ನೋಡಿದರೆ ಸೇತುವೆಯೇ ಕಾಣದು, ಕೆಳಗೆ ಬರೀ ಸಮುದ್ರ. ಅಪ್ಪ ಮಗುವಿನಂತೆ ಕಿಟಕಿಯ ಸರಳು ಹಿಡಿದು ನಿಂತಿದ್ದರು. ಮರುದಿನ ಅಮ್ಮ ದೇವಸ್ಥಾನದ 22 ತೀರ್ಥಗಳಲ್ಲೂ ಮಿಂದು, ಒದ್ದೆ ಸೀರೆ ಬದಲಿಸಿ, ಅತ್ತೆಯ ಗಿಂಡಿಯನ್ನು ಅಭಿಷೇಕಕ್ಕೆ ಒಪ್ಪಿಸಿದರು. ಹೊರಗೆ ಬಂದು ಉದ್ದನೆಯ ಪ್ರಾಕಾರದಲ್ಲಿ ಒಂದು ಕಂಬಕ್ಕೆ ಒರಗಿ ಕುಳಿತು, “ಅತ್ತೆಯ ಸಾಲ ತೀರಿತು” ಎಂದರು. ನನ್ನ ಸಂಬಳದ ಯಾವ ದುಡ್ಡೂ ಅದಕ್ಕಿಂತ ಒಳ್ಳೆಯ ಕಡೆಗೆ ಹೋಗಿಲ್ಲ.

ಅದೇ ಪ್ರಯಾಣ ಈಗ ಸಿಗುವುದಿಲ್ಲ. ಆಗ ರೈಲಿನಲ್ಲಿ 60 ದಾಟಿದ ಗಂಡಸರಿಗೆ ಶೇ 40, 58 ದಾಟಿದ ಹೆಂಗಸರಿಗೆ ಶೇ 50 ರಿಯಾಯಿತಿ ಇತ್ತು. ಅಪ್ಪ ಅಮ್ಮ ಇಬ್ಬರಿಗೂ ದೊರೆಯಿತು. 2020ರ ಮಾರ್ಚ್‌ನಲ್ಲಿ ಅದನ್ನು ನಿಲ್ಲಿಸಲಾಯಿತು. ಹಳೆಯ ಪಾಂಬನ್ ಸೇತುವೆಯ ಮೇಲೆ ರೈಲು ಓಡಾಟ 2022ರ ಡಿಸೆಂಬರ್‌ನಲ್ಲಿ ನಿಂತಿತು. 2025ರ ಏಪ್ರಿಲ್‌ನಲ್ಲಿ ಪಕ್ಕದಲ್ಲೇ ಹೊಸ ಸೇತುವೆ ಬಂದಿದೆ. ಹೊಸದು ಗಟ್ಟಿ, ಚೆಂದ. ಆದರೆ ಅಪ್ಪ ಸರಳು ಹಿಡಿದು ನಿಂತ ಆ ಸೇತುವೆಗೆ ಇವತ್ತು ಕೋಟಿ ಕೊಟ್ಟರೂ ಟಿಕೆಟ್ ಇಲ್ಲ. ಅಪ್ಪನೂ ಈಗಿಲ್ಲ. ಆ ಎರಡು ವರ್ಷ ಕಾದು ಗಳಿಸುತ್ತಿದ್ದ ಬಡ್ಡಿ ಕೆಲವು ಸಾವಿರ, ಅಷ್ಟೇ.

ಹಾಗೆಂದು ಸಾಲ ಮಾಡಿ ಹೊರಡಿ ಎನ್ನುತ್ತಿಲ್ಲ. ಪ್ರವಾಸಕ್ಕೆಂದೇ ಕ್ಷಣದಲ್ಲಿ ಸಾಲ ಕೊಡುವ ಆ್ಯಪ್‌ಗಳು ಈಗ ಬೇಕಾದಷ್ಟಿವೆ. ಲೆಕ್ಕ ನೋಡಿ: ಶೇ 14 ಬಡ್ಡಿಗೆ ಒಂದು ಲಕ್ಷ ಸಾಲ ತೆಗೆದು ಎರಡು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 4,800 ರೂಪಾಯಿ ಕಂತು ಕಟ್ಟಬೇಕು, ಬಡ್ಡಿಯೇ 15 ಸಾವಿರ ಮೀರುತ್ತದೆ. ಅದರ ಬದಲು ಶೇ 6.5ರ ಆರ್‌ಡಿಯಲ್ಲಿ ತಿಂಗಳಿಗೆ 4,000 ಹಾಕಿದರೆ ಎರಡು ವರ್ಷಕ್ಕೆ ಒಂದು ಲಕ್ಷದ ಮೇಲೆ ಎರಡು ಸಾವಿರ ಚಿಲ್ಲರೆ ಕೈಗೆ ಬರುತ್ತದೆ. ಕಂತು ಉಳಿದಿರುವ ಯಾತ್ರೆಯ ನೆನಪು ತಿಂಗಳು ತಿಂಗಳೂ ಚುಚ್ಚುತ್ತದೆ. ನಮ್ಮ ಎರಡೂ ಯಾತ್ರೆಗಳು ಇಷ್ಟು ಹಿತವಾಗಿ ನೆನಪಿಗೆ ಬರಲು, ಊರಿಗೆ ಮರಳಿದಾಗ ಯಾರಿಗೂ ಒಂದು ರೂಪಾಯಿ ಕೊಡಬೇಕಿರಲಿಲ್ಲ ಎನ್ನುವುದೂ ಒಂದು ಕಾರಣ.

ಖಾಸಗಿ ಕಂಪನಿಗಳಲ್ಲಿ ಇರುವವರಿಗೆ ಎಲ್‌ಟಿಎ ಇದೆ. ನಾಲ್ಕು ಕ್ಯಾಲೆಂಡರ್ ವರ್ಷದ ಒಂದು ಬ್ಲಾಕಿನಲ್ಲಿ ಎರಡು ಪ್ರಯಾಣಕ್ಕೆ ತೆರಿಗೆ ವಿನಾಯಿತಿ. ಬಳಸದೆ ಉಳಿದ ಒಂದನ್ನು ಮುಂದಿನ ಬ್ಲಾಕಿನ ಮೊದಲ ವರ್ಷಕ್ಕೆ ಒಯ್ಯಬಹುದು. ದೇಶದೊಳಗಿನ ಪ್ರಯಾಣ ದರಕ್ಕಷ್ಟೇ, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿ ಉಳಿದವರಿಗಷ್ಟೇ. ನಿಮ್ಮನ್ನು ಅವಲಂಬಿಸಿದ ತಂದೆ ತಾಯಿಯ ಟಿಕೆಟ್ ಕೂಡ ಲೆಕ್ಕಕ್ಕೆ ಬರುತ್ತದೆ, ಆದರೆ ನೀವೂ ಜೊತೆಗೆ ಹೋಗಿರಬೇಕು. ನನಗೆ ಬಹಳ ಮೆಚ್ಚುಗೆಯಾದ ತೆರಿಗೆ ನಿಯಮ ಇದು.

ವಯಸ್ಸಾದವರ ಜೊತೆ ಹೋಗುವಾಗ ಎಲ್ಲಿ ಕೈ ಬಿಚ್ಚಬೇಕು ಎಂಬುದಕ್ಕೂ ನನ್ನದೊಂದು ಅಭಿಪ್ರಾಯವಿದೆ. ದೇವಸ್ಥಾನದ ಹತ್ತಿರದ, ಲಿಫ್ಟ್ ಇರುವ ವಸತಿಗೆ ಹೆಚ್ಚು ಕೊಡಿ. ಕೆಳಗಿನ ಬರ್ತು ಸಿಗುವ ದಿನಕ್ಕೇ ಟಿಕೆಟ್ ಮಾಡಿ. ಆಟೋಕ್ಕೆ ಚೌಕಾಸಿ ಮಾಡುತ್ತ ಅವರನ್ನು ಬಿಸಿಲಲ್ಲಿ ನಿಲ್ಲಿಸಬೇಡಿ. ನಡುವೆ ಒಂದು ದಿನ ಎಲ್ಲಿಗೂ ಹೋಗದೆ ಸುಮ್ಮನೆ ಇರಲು ಬಿಡಿ. ಮೂರು ಊರು ಕಡಿಮೆಯಾದರೆ ಆಗಲಿ. ಸೀರೆ, ಶಂಖ, ಕಪ್ಪೆಚಿಪ್ಪಿನ ಸರಗಳಲ್ಲಿ ಬೇಕಾದರೆ ಉಳಿಸಿ. ಬಜೆಟ್ಟಿನ ಐದನೇ ಒಂದು ಭಾಗವನ್ನು ಔಷಧಿ, ವೈದ್ಯರು, ಹಠಾತ್ ವಾಪಸಾತಿಗೆಂದು ಎತ್ತಿಡಿ. ಖರ್ಚಾಗದಿದ್ದರೆ ಅದೇ ಮುಂದಿನ ಯಾತ್ರೆಯ ಮೊದಲ ಕಂತು.

ಅಮ್ಮ ಈಗ ದೂರದ ರೈಲು ಹತ್ತುವುದಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನೆರೆಮನೆಯ ಗೆಳತಿಯರ ಜೊತೆ ಧರ್ಮಸ್ಥಳಕ್ಕೋ ಹೊರನಾಡಿಗೋ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲದೆ ಹೋಗಿಬರುತ್ತಾರೆ. ಅಲ್ಲಿ ಅನ್ನದಾನದ ಊಟವೂ ಇದೆ. ನಮ್ಮ ನಾಡಿನಲ್ಲಿ ಯಾತ್ರೆಯನ್ನು ಬಡವರ ಕೈಗೆ ಎಟುಕಿಸಿದ್ದು ಛತ್ರಗಳು, ಮಠಗಳು, ಅನ್ನಛತ್ರಗಳು. ಪ್ಯಾಕೇಜಿನ ಬೆಲೆ ಕೇಳಿ ಹಿಂಜರಿಯುವವರಿಗೆ ಆ ದಾರಿ ಇನ್ನೂ ತೆರೆದೇ ಇದೆ.

ನಿಮ್ಮ ಹೆತ್ತವರು ಒಂದು ಊರಿನ ಹೆಸರನ್ನು ಆಗಾಗ ಹೇಳುತ್ತಿರಬಹುದು. ಅದು ಯಾವುದೆಂದು ಈ ಭಾನುವಾರ ಕೇಳಿ. ಆ ಊರಿನ ಹೆಸರಿನಲ್ಲಿ ಒಂದು ವರ್ಷದ ಆರ್‌ಡಿ ಶುರು ಮಾಡಿ, ಹೊರಡುವ ತಿಂಗಳನ್ನು ಅವರಿಗೆ ಈಗಲೇ ಹೇಳಿಬಿಡಿ. ರೈಲಿನ ಟಿಕೆಟ್ 60 ದಿನ ಮೊದಲು ತೆರೆಯುತ್ತದೆ. ತೆರೆದ ಬೆಳಿಗ್ಗೆಯೇ ಮಾಡಿಸಿ.