ಕಡವಿನ ಓಡದಿಂದ ಕಯಾಕಿನವರೆಗೆ

ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳು ಹೊಳೆಗಳ ನಾಡು. ಪುಷ್ಪಗಿರಿಯ ಮಗ್ಗುಲಿನಿಂದ ಇಳಿಯುವ ಕುಮಾರಧಾರೆಯು ಸುಬ್ರಹ್ಮಣ್ಯವನ್ನು ಹಾದು, ಗುಂಡ್ಯ ಹೊಳೆಯನ್ನು ಕೂಡಿಕೊಂಡು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುವುದು. ಪಯಸ್ವಿನಿಯು ಸುಳ್ಯದ ಮೂಲಕ ಹರಿದು, ಕಾಸರಗೋಡಿನ ಬಳಿ ಚಂದ್ರಗಿರಿ ಎಂಬ ಹೆಸರಿನಿಂದ ಕಡಲನ್ನು ಮುಟ್ಟುವುದು. ಸೇತುವೆಗಳು ವಿರಳವಾಗಿದ್ದ ಕಾಲದಲ್ಲಿ ಈ ಹೊಳೆಗಳನ್ನು ದಾಟಲು ಕಡವುಗಳಿದ್ದುವು, ಕಡವಿನಲ್ಲಿ ದೋಣಿಯಿರುತ್ತಿತ್ತು. ತುಳುವಿನಲ್ಲಿ ಅದನ್ನು ‘ಓಡ’ ಎನ್ನುವರು. ಇಂತಹ ಕಿರುದೋಣಿಗಳನ್ನೇ ಇಂದು ಲೋಕದ ನಾನಾ ಭಾಗಗಳಲ್ಲಿ ಕ್ರೀಡೆಗಾಗಿಯೂ ಕಾಡುಹೊಳೆಗಳ ಪಯಣಕ್ಕಾಗಿಯೂ ನಡೆಸುತ್ತಾರೆ. ಅವು ತೇಲುವುದು ಹೇಗೆ, ಸಾಗುವುದು ಹೇಗೆ, ಮುಗುಚುವುದೇಕೆ ಎಂಬುದನ್ನು ಇಲ್ಲಿ ವಿಚಾರಿಸೋಣ.

ಅತಿ ಪುರಾತನ ವಾಹನ

ಮನುಷ್ಯನು ಚಕ್ರವನ್ನು ಕಲ್ಪಿಸುವುದಕ್ಕೆ ಬಹು ಮುಂಚೆಯೇ ದೋಣಿಯನ್ನು ಕೊರೆದನು. 1955ರಲ್ಲಿ ನೆದರ್‌ಲೆಂಡ್ಸಿನ ಪೆಸ್ಸೆ ಎಂಬಲ್ಲಿ ಹೆದ್ದಾರಿಗಾಗಿ ನೆಲವನ್ನು ಅಗೆಯುತ್ತಿದ್ದಾಗ, ಒಂದೇ ಮರದ ಕಾಂಡವನ್ನು ತೋಡಿ ಮಾಡಿದ, ಸುಮಾರು 3 ಮೀಟರ್ ಉದ್ದದ ದೋಣಿಯೊಂದು ದೊರೆಯಿತು. ಅದರ ವಯಸ್ಸು ಸುಮಾರು 10,000 ವರ್ಷ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಹೆಬ್ಬಲಸಿನ ಮರವು ದೋಣಿಗೆ ಹೆಸರಾಗಿದೆ. ಕೇರಳದ ಹಾವುದೋಣಿಗಳಿಗೂ ಅದೇ ಮರ.

ಮರವಿಲ್ಲದ ಹಿಮಪ್ರದೇಶದಲ್ಲಿ ಇನ್ಯೂಟ್ ಜನರು ಎಲುಬು ಮತ್ತು ತೇಲಿಬಂದ ಕಟ್ಟಿಗೆಯ ಹಂದರಕ್ಕೆ ಸೀಲ್ ಪ್ರಾಣಿಯ ಚರ್ಮವನ್ನು ಹೊದಿಸಿ ಕಯಾಕನ್ನು ರಚಿಸಿದರು. ಉತ್ತರ ಅಮೆರಿಕದ ಮೂಲನಿವಾಸಿಗಳು ಬರ್ಚ್ ಮರದ ತೊಗಟೆಯಿಂದ ಹಗುರವಾದ ಕನೂ ದೋಣಿಯನ್ನು ಮಾಡಿದರು. ಕಯಾಕಿನ ಮೇಲ್ಭಾಗ ಮುಚ್ಚಿರುವುದು. ನಾವಿಕನು ಕಾಲು ಚಾಚಿ ಕುಳಿತು, ಎರಡು ತುದಿಗಳಲ್ಲಿಯೂ ಅಲಗಿರುವ ಹುಟ್ಟನ್ನು ಹಾಕುವನು. ಕನೂವಿನ ಹುಟ್ಟಿಗೆ ಒಂದೇ ಅಲಗು. 1936ರ ಬರ್ಲಿನ್ ಒಲಿಂಪಿಕ್ ಕ್ರೀಡೆಗಳಿಂದ ಈ ಎರಡು ದೋಣಿಗಳ ಪಂದ್ಯಗಳೂ ಪದಕಕ್ಕೆ ಅರ್ಹವಾದುವು.

ತೇಲುವಿಕೆಯ ಲೆಕ್ಕ

ದೋಣಿಯು ತಾನು ಪಕ್ಕಕ್ಕೆ ತಳ್ಳಿದ ನೀರಿನ ತೂಕದಷ್ಟೇ ಭಾರವನ್ನು ಹೊರಬಲ್ಲದು. ಇದು ಆರ್ಕಿಮಿಡೀಸನ ತತ್ತ್ವ. 5 ಮೀಟರ್ ಉದ್ದದ ಓಡವೊಂದು ನೀರಿನ ಮಟ್ಟದಲ್ಲಿ 2 ಚದರ ಮೀಟರ್ ಜಾಗವನ್ನು ಆಕ್ರಮಿಸಿದೆಯೆಂದು ಭಾವಿಸೋಣ. ಅದು 1 ಸೆಂಟಿಮೀಟರ್ ಕೆಳಗಿಳಿದರೆ 20 ಲೀಟರ್, ಅಂದರೆ 20 ಕಿಲೋಗ್ರಾಂ ನೀರು ಸರಿಯುವುದು. ಆದುದರಿಂದ 60 ಕಿಲೋಗ್ರಾಂ ತೂಕದ ಒಬ್ಬನು ಹತ್ತಿದರೆ ಓಡವು 3 ಸೆಂಟಿಮೀಟರ್ ಇಳಿಯುವುದು; ಐವರು ಹತ್ತಿದರೆ 15 ಸೆಂಟಿಮೀಟರ್. ಅಂಚು ನೀರಿಗೆ ಸಮೀಪವಾದಷ್ಟೂ ಸಣ್ಣ ಅಲೆಯೂ ಒಳನುಗ್ಗುವುದು.

ಆದರೆ ತೇಲಿದರಷ್ಟೇ ಸಾಲದು, ಮುಗುಚದಿರಬೇಕು. ಇದಕ್ಕೊಂದು ಸುಲಭ ಪ್ರಯೋಗವಿದೆ. ಅಡಕೆಯ ಹಾಳೆಯೊಂದರ ಎರಡು ತುದಿಗಳನ್ನು ಮಡಿಸಿ, ಕಡ್ಡಿ ಚುಚ್ಚಿ, ನೀರಿನ ತೊಟ್ಟಿಯಲ್ಲಿ ತೇಲಬಿಡಿರಿ. ನಡುವೆ ಕಲ್ಲೊಂದನ್ನಿಟ್ಟು, ಹಾಳೆಯ ಒಂದು ಬದಿಯನ್ನು ಬೆರಳಿನಿಂದ ಒತ್ತಿ ಬಿಡಿರಿ. ಅದು ಮರಳಿ ನೆಟ್ಟಗಾಗುವುದು. ಈಗ ಅದೇ ಕಲ್ಲನ್ನು ಬಾಳೆದಿಂಡಿನ ತುಂಡೊಂದರ ಮೇಲಿಟ್ಟು ಎತ್ತರಿಸಿರಿ. ಅಷ್ಟೇ ಒತ್ತಿದರೂ ಹಾಳೆ ಮುಗುಚುವುದು. ಗುರುತ್ವಕೇಂದ್ರವು ಮೇಲೇರಿದುದೇ ಇದಕ್ಕೆ ಮುಖ್ಯ ಕಾರಣ. ದೋಣಿ ವಾಲಿದಾಗ ನೀರಿನ ಮೇಲೊತ್ತಡವು ತಗ್ಗಿದ ಬದಿಗೆ ಸರಿದು ಅದನ್ನು ಎತ್ತಲು ಯತ್ನಿಸುವುದು. ಭಾರವು ಎತ್ತರದಲ್ಲಿದ್ದರೆ ಅದೂ ಆ ಬದಿಗೇ ಬಾಗಿ, ಆ ಯತ್ನವನ್ನು ಸೋಲಿಸುವುದು. ದೋಣಿಯಲ್ಲಿ ಎದ್ದು ನಿಲ್ಲಬಾರದೆಂದು ಅಂಬಿಗನು ಗದರಿಸುವುದು ಇದೇ ಕಾರಣದಿಂದ.

ಹುಟ್ಟಿನ ಕೆಲಸ

ಹುಟ್ಟು ನೀರನ್ನು ಹಿಂದಕ್ಕೆ ತಳ್ಳುವುದು. ನೀರು ದೋಣಿಯನ್ನು ಮುಂದಕ್ಕೆ ತಳ್ಳುವುದು. ನ್ಯೂಟನ್ನನ ಮೂರನೆಯ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಬಲಗಡೆಯಲ್ಲಿಯೇ ಹುಟ್ಟು ಹಾಕುತ್ತಿದ್ದರೆ ದೋಣಿಯು ಎಡಕ್ಕೆ ತಿರುಗುವುದು. ಹಿಂಬದಿಯಲ್ಲಿ ಕುಳಿತ ಅಂಬಿಗನು ಪ್ರತಿ ಎಳೆತದ ಕೊನೆಯಲ್ಲಿ ಅಲಗನ್ನು ಕೊಂಚ ಹೊರಳಿಸಿ ನೀರನ್ನು ಹೊರಕ್ಕೆ ಒತ್ತುವನು. ಆಗ ದೋಣಿ ನೇರವಾಗುವುದು. ಒಂದೇ ಸಾಧನವು ಕ್ಷಣಕಾಲ ಹುಟ್ಟಾಗಿ, ಮರುಕ್ಷಣ ಚುಕ್ಕಾಣಿಯಾಗುವುದು.

ಹೊಳೆಯನ್ನು ಓದುವುದು

1989ರಲ್ಲಿ ಸುಳ್ಯದ ಬಳಿಯ ಅರಂಬೂರಿನಲ್ಲಿ ಗಿರೀಶ್ ಭಾರದ್ವಾಜರು ಪಯಸ್ವಿನಿಗೆ ತೂಗುಸೇತುವೆಯನ್ನು ಕಟ್ಟಿದರು. ಅಂತಹ ಸೇತುವೆಗಳು ಮುಂದೆ ಅನೇಕ ಕಡೆ ಎದ್ದುವು. 2017ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ಮಳೆಗಾಲದಲ್ಲಿ ಶಾಲೆ ತಪ್ಪುತ್ತಿದ್ದ ಮಕ್ಕಳಿಗೆ ಇದರಿಂದಾದ ಉಪಕಾರ ಅಷ್ಟಿಷ್ಟಲ್ಲ. ಆದರೆ ಕಡವುಗಳು ಮರೆಯಾದಂತೆ, ನೀರಿನ ಮೇಲ್ಮೈಯನ್ನು ನೋಡಿಯೇ ಆಳವನ್ನೂ ಸೆಳವನ್ನೂ ಅರಿಯುತ್ತಿದ್ದ ಅಂಬಿಗರ ತಿಳಿವಳಿಕೆಯೂ ಮರೆಯಾಗುತ್ತಿದೆ. ಇಂದು ಈಜಲು, ವಿಹರಿಸಲು ಹೊಳೆಗಿಳಿಯುವ ತರುಣರಿಗೆ ಆ ತಿಳಿವಳಿಕೆ ಅತ್ಯಗತ್ಯ.

ಮೊದಲನೆಯದಾಗಿ, ಸೆಳವು ಎಲ್ಲೆಡೆಯಲ್ಲಿಯೂ ಸಮನಲ್ಲ. ನೇರವಾದ ಹೊಳೆಯಲ್ಲಿ ಅದು ನಡುವೆ ಹೆಚ್ಚು. ತಿರುವಿನಲ್ಲಿ ಹೊರದಡದ ಕಡೆ ಹೆಚ್ಚು. ಹೊರದಡದಲ್ಲಿ ಆಳವೂ ಅಧಿಕ. ಬಂಡೆಯ ಕೆಳಮಗ್ಗುಲಲ್ಲಿ ನೀರು ಹಿಮ್ಮುಖವಾಗಿ ತಿರುಗುವುದು. ನುರಿತ ಕಯಾಕಿಗರು ಅಲ್ಲಿ ದೋಣಿಯನ್ನು ನಿಲ್ಲಿಸಿ ವಿಶ್ರಮಿಸುವರು.

ಎರಡನೆಯದಾಗಿ, ನೀರಿನ ನೂಕುಬಲವು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದು. ಸೆಕೆಂಡಿಗೆ 1 ಮೀಟರ್ ವೇಗದ ನೀರು ಸೊಂಟದಾಳದಲ್ಲಿ ನಿಂತವನನ್ನು ಸುಮಾರು 15 ಕಿಲೋಗ್ರಾಂ ಭಾರದಷ್ಟು ನೂಕಿದರೆ, 2 ಮೀಟರ್ ವೇಗದ ನೀರು 60 ಕಿಲೋಗ್ರಾಂ ಭಾರದಷ್ಟು ನೂಕುವುದು. 3 ಮೀಟರಾದರೆ ಎಷ್ಟೆಂಬುದನ್ನು ವಿದ್ಯಾರ್ಥಿಗಳು ತಾವೇ ಗಣಿಸಲಿ.

ಮೂರನೆಯದು ಎಲ್ಲಕ್ಕಿಂತಲೂ ಅಪಾಯಕರ. ಕಿಂಡಿ ಅಣೆಕಟ್ಟುಗಳ ಮೇಲಿನಿಂದ ಧುಮುಕುವ ನೀರು ಬುಡದಲ್ಲಿ ಉರುಳಿ ಮತ್ತೆ ಕಟ್ಟೆಯತ್ತಲೇ ಮರಳುವುದು. ಮೇಲಿನಿಂದ ನೋಡಿದರೆ ಬಿಳಿ ನೊರೆಯ ಗೆರೆಯಷ್ಟೇ ಕಾಣಿಸುವುದು. ಅದರಲ್ಲಿ ಸಿಲುಕಿದವನನ್ನು ನೀರು ಮೇಲೆತ್ತಿ, ಕಟ್ಟೆಗೆ ಎಳೆದು, ಪುನಃ ಮುಳುಗಿಸುವುದು. ನೊರೆಯಲ್ಲಿ ಗಾಳಿ ಬೆರೆತಿರುವುದರಿಂದ ಅದರ ಸಾಂದ್ರತೆಯೂ ಕಡಮೆ. ಒಳ್ಳೆಯ ಈಜುಗಾರನೂ ಅಲ್ಲಿ ತೇಲಲಾರನು.

1923 ಮತ್ತು 1974ರ ನೆರೆಗಳಲ್ಲಿ ನೇತ್ರಾವತಿಯ ಬಲವನ್ನು ಈ ಜಿಲ್ಲೆ ಕಂಡಿದೆ. ಮಳೆಗಾಲದಲ್ಲಿ ಘಟ್ಟದ ಮೇಲೆ ಸುರಿದ ಮಳೆಯಿಂದ, ಕೆಳಗೆ ಬಿಸಿಲಿರುವಾಗಲೂ ಹೊಳೆ ಹಠಾತ್ತನೆ ಏರಬಹುದು. ದೋಣಿಯನ್ನು ಕಲಿಯಬಯಸುವವರು ಮಳೆ ನಿಂತ ಮೇಲೆ, ಶಾಂತವಾದ ನೀರಿನಲ್ಲಿ, ತೇಲುಕವಚವನ್ನು ತೊಟ್ಟು, ಬಲ್ಲವರ ಜೊತೆಯಲ್ಲಿಯೇ ಇಳಿಯಬೇಕು. ಇಳಿಯುವ ಮುನ್ನ ದಡದ ಮೇಲೆ ನಡೆದು, ಬಂಡೆ, ತಿರುವು, ಕಟ್ಟೆಗಳು ಎಲ್ಲೆಲ್ಲಿವೆಯೆಂಬುದನ್ನು ಗುರುತಿಸಿಕೊಳ್ಳುವುದು ಮೊದಲನೆಯ ಪಾಠ.