ಎಸ್‌ಎಲ್‌ಆರ್ ಕ್ಯಾಮೆರಾ: ಆರಂಭದ ಇತಿಹಾಸ

ಮಸೂರದ ಹಿಂದೆ 45 ಡಿಗ್ರಿ ಓರೆಯಾಗಿ ನಿಂತ ಕನ್ನಡಿಯೇ ಎಸ್‌ಎಲ್‌ಆರ್ (ಸಿಂಗಲ್ ಲೆನ್ಸ್ ರಿಫ್ಲೆಕ್ಸ್) ಕ್ಯಾಮೆರಾದ ಜೀವಾಳ. ಫಿಲ್ಮ್ ಮೇಲೆ ಮೂಡಲಿರುವ ದೃಶ್ಯವನ್ನೇ ಅದು ಕಣ್ಣಿಗೆ ತೋರಿಸುತ್ತದೆ. ಗುಂಡಿ ಒತ್ತಿದೊಡನೆ ಮೇಲೆದ್ದು ಬೆಳಕಿಗೆ ದಾರಿ ಬಿಡುತ್ತದೆ. 1861ರಲ್ಲಿ ಈ ವಿನ್ಯಾಸಕ್ಕೆ ಪೇಟೆಂಟ್ ಪಡೆದವರು ಇಂಗ್ಲೆಂಡಿನ ಥಾಮಸ್ ಸಟನ್. ಅದೇ ವರ್ಷ ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಪ್ರದರ್ಶಿಸಿದ ವರ್ಣಚಿತ್ರವನ್ನು ಸೆರೆಹಿಡಿದವರೂ ಇವರೇ.

35 ಎಂಎಂ ಫಿಲ್ಮಿಗೆ ಎಸ್‌ಎಲ್‌ಆರ್ ಒಗ್ಗಿದ್ದು 1936ರಲ್ಲಿ, ಜರ್ಮನಿಯ ಡ್ರೆಸ್ಡೆನ್‌ನಲ್ಲಿ ತಯಾರಾದ ಕೀನೆ ಎಕ್ಸಾಕ್ಟಾದಿಂದ. ಆದರೆ ಅದನ್ನು ಸೊಂಟದ ಮಟ್ಟದಲ್ಲಿ ಹಿಡಿದು, ಬಗ್ಗಿ ನೋಡಬೇಕಿತ್ತು. ದೃಶ್ಯ ಎಡಬಲ ಅದಲುಬದಲಾಗಿ ಕಾಣುತ್ತಿತ್ತು. ಈ ತೊಡಕನ್ನು ನೀಗಿಸಿದ್ದು ದೃಶ್ಯವನ್ನು ಸರಿಪಡಿಸಿ ಕಣ್ಣಿನ ಮಟ್ಟದಲ್ಲೇ ತೋರಿಸುವ ಗಾಜಿನ ಪಟ್ಟಕ, ಪೆಂಟಾಪ್ರಿಸಂ. ಅದನ್ನು ಅಳವಡಿಸಿಕೊಂಡ ಮೊದಮೊದಲ ಕ್ಯಾಮೆರಾಗಳಲ್ಲೊಂದು 1949ರ ಕಾಂಟಾಕ್ಸ್ ಎಸ್. ನಿಜವಾದ ತಿರುವು ಇದೇ. ಆಮೇಲೆ ಜಪಾನಿನ ಎಸ್‌ಎಲ್‌ಆರ್‌ಗಳೂ ಬಂದವು: ಅಸಾಹಿಫ್ಲೆಕ್ಸ್ 1952ರದು, ನಿಕಾನ್ ಎಫ್ 1959ರದು.

ಪರೀಕ್ಷೆಯಲ್ಲಿ ಎಸ್‌ಎಲ್‌ಆರ್ ಪೇಟೆಂಟಿನ ವರ್ಷ ಕೇಳಿದರೆ 1861 ಎಂದೇ ಬರೆಯಿರಿ, 1936 ಅಲ್ಲ.