ಹೆಗಲಿನ ಕೀಲು ಸದ್ದು ಮಾಡುವುದೇಕೆ?

ಕವಾಯತಿನ ವೇಳೆಯಲ್ಲಿ ತೋಳುಗಳನ್ನು ಚಕ್ರಾಕಾರವಾಗಿ ತಿರುಗಿಸುವಾಗ ಹೆಗಲಿನಲ್ಲಿ ‘ಲಟಕ್’ ಎಂಬ ಸದ್ದು ಕೇಳಿಬರುವುದುಂಟು. ಎಲುಬು ಸವೆಯಿತೆಂದು ಅಂಜಿ ಕೆಲವು ವಿದ್ಯಾರ್ಥಿಗಳು ಅಂಗಸಾಧನೆಯನ್ನೇ ಬಿಟ್ಟುಬಿಡುವರು. ಈ ಅಂಜಿಕೆಗೆ ಆಧಾರವುಂಟೇ ಎಂಬುದನ್ನು ನಾವು ವಿಚಾರಿಸೋಣ.

ತೋಳಿನ ಎಲುಬಿನ ಮೇಲ್ತುದಿಯು ಚೆಂಡಿನಂತೆ ದುಂಡಗಿದೆ. ಅದು ಹೆಗಲೆಲುಬಿನ ಆಳವಿಲ್ಲದ ಗುಳಿಯಲ್ಲಿ ಕುಳಿತಿರುವುದರಿಂದಲೇ ತೋಳು ಎಲ್ಲ ದಿಕ್ಕಿಗೂ ತಿರುಗಬಲ್ಲದು. ಬಂಡಿಯ ಅಚ್ಚಿಗೆ ಕೀಲೆಣ್ಣೆಯಿರುವಂತೆ ಕೀಲಿನೊಳಗೆ ಜಿಗುಟಾದ ದ್ರವವೊಂದುಂಟು. ಕೀಲನ್ನು ಹಿಗ್ಗಿಸಿದಾಗ ಒಳಗಿನ ಒತ್ತಡವು ತಗ್ಗಿ, ದ್ರವದಲ್ಲಿ ಅನಿಲದ ಗುಳ್ಳೆ ಮೂಡಬಹುದು. ಬೆರಳಿನ ನೆಟಿಕೆ ಮುರಿಯುವಾಗ ಆಗುವುದೂ ಇದೇ. ಕೆನಡಾದ ಅಲ್ಬರ್ಟಾ ವಿಶ್ವವಿದ್ಯಾನಿಲಯದ ಸಂಶೋಧಕರು, ಸದ್ದಾದ ಕ್ಷಣದಲ್ಲಿಯೇ ಬೆರಳಿನ ಕೀಲಿನಲ್ಲಿ ಇಂಥ ಪೊಳ್ಳು ಮೂಡುವುದನ್ನು ಎಂ.ಆರ್.ಐ. ಯಂತ್ರದ ಮೂಲಕ ಕಂಡು 2015ರಲ್ಲಿ ಪ್ರಕಟಿಸಿದರು. ಒಮ್ಮೆ ಮುರಿದ ನೆಟಿಕೆಯು ಮತ್ತೆ ಸದ್ದು ಮಾಡಲು ಸುಮಾರು 20 ನಿಮಿಷಗಳು ಬೇಕು.

ಆದರೆ ಹೆಗಲಿನ ಸದ್ದು ತೋಳಿನ ಪ್ರತಿಯೊಂದು ಸುತ್ತಿಗೂ ಕೇಳುತ್ತಿದ್ದರೆ, ಅದಕ್ಕೆ ಗುಳ್ಳೆಯು ಕಾರಣವಾಗಿರಲಾರದು. ಸ್ನಾಯುವನ್ನು ಎಲುಬಿಗೆ ಬಿಗಿದಿರುವ ರಜ್ಜುವು ಎಲುಬಿನ ಉಬ್ಬನ್ನು ದಾಟಿ ಜಾರುವಾಗಲೂ ಸದ್ದಾಗುವುದು. ನೋವಿಲ್ಲದಿದ್ದರೆ ಇವೆರಡೂ ಸಾಮಾನ್ಯವಾಗಿ ನಿರಪಾಯಕರವೇ.

ನೋವು, ಬಾವು, ತೋಳಿನ ನಿಶ್ಶಕ್ತಿ, ಕೀಲು ಜಾರಿದಂತಹ ಅನುಭವ, ಬಿದ್ದ ಬಳಿಕ ಹೊಸದಾಗಿ ಆರಂಭವಾದ ಸದ್ದು, ಇವು ಮಾತ್ರ ಬೇರೆ. ಅಂತಹ ಸಂದರ್ಭದಲ್ಲಿ ಸಾಧನೆಯನ್ನು ನಿಲ್ಲಿಸಿ, ಗುರುಗಳಿಗೂ ತಂದೆತಾಯಿಗಳಿಗೂ ತಿಳಿಸಿ, ವೈದ್ಯರನ್ನು ಕಾಣಬೇಕು. ಗೆಳೆಯರು ನಗುವರೆಂದು ನೋವನ್ನು ಮುಚ್ಚಿಡುವುದು ಧೈರ್ಯವಲ್ಲ.

ನಗರದ ಚಾಳುಗಳಲ್ಲಿ ವಾಸಿಸುವ ನಮಗೆ ಕೈಬೀಸಿ ಆಡುವ ಬಯಲು ದುರ್ಲಭ. ಶಾಲೆಯ ಕವಾಯತೇ ನಮ್ಮ ಪಾಲಿನ ಬಯಲು. ನೋವಿಲ್ಲದ ಸದ್ದಿಗೆ ಅಂಜಿ ಅದನ್ನು ನಾವು ಕಳೆದುಕೊಳ್ಳದಿರೋಣ.